ಇಪ್ಪತ್ತನಾಲ್ಕು ಇಂಚರ

ಜುಲೈ 17, 2006, ಸೋಮವಾರ

ಇವತ್ತಿಗೆ ಮಗುವಿಗೆ ಎರಡು ತಿಂಗಳು ತುಂಬಿತು. ನಾನಿನ್ನೂ ನೋಡಿಲ್ಲ. ಬಾ ಎಂದು ಕರೆದವರೂ ಇಲ್ಲ. ಒಂಟಿಕೊಪ್ಪಲಿನಿಂದ ಕುವೆಂಪುನಗರಕ್ಕೆ ಅದೆಷ್ಟು ದೂರ? ಅಮ್ಮ ಭಾನುವಾರ ಭಾನುವಾರ ಸಿಟಿ ಬಸ್ಸು ಹಿಡಿದು ಹೋಗಿ ಬರುತ್ತಾಳೆ. ಗಿರಿಜಾಂಬಾ ಮೊಮ್ಮಗಳನ್ನು ನೋಡಲು ಹೊರಟರು ಎಂದು ಬೀದಿಗೆಲ್ಲ ಗೊತ್ತು. ಮಗಳು ಯಾಕೆ ಜೊತೆಗೆ ಹೋಗುವುದಿಲ್ಲ ಎಂಬುದೂ ಗೊತ್ತಿರಬೇಕು, ಹಾಳಾಗಿ ಹೋಗಲಿ.

ಎರಡು ವರ್ಷದ ಹಿಂದೆ ನನ್ನ ತಮ್ಮ ಗುರುಕಿರಣ ಶಾಲಿನಿಯನ್ನು ಮೊದಲ ಸಲ ಮನೆಗೆ ಕರೆತಂದ ದಿನ ನಾನೊಂದು ಮಾತು ಆಡಿದೆ. ಆ ಮಾತು ವಾಪಸ್ ತೆಗೆದುಕೊಳ್ಳುವ ತನಕ ನನ್ನ ಮನೆ ಮೆಟ್ಟಿಲು ಹತ್ತಬೇಡ ಎಂದ. ಆಗಲಿ ಎಂದೆ. ನನಗಿಂತ ಆರು ವರ್ಷ ಚಿಕ್ಕವನು, ನನ್ನ ಕಂಕುಳಲ್ಲಿ ಬೆಳೆದವನು, ನನಗೇ ಷರತ್ತು ಹಾಕುತ್ತಾನೆ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮತ್ತೆ ಓದಬೇಕಾಗುತ್ತದೆ.

ಆಷಾಢ ಮುಗಿದ ಮೇಲೆ ನಾಮಕರಣವಂತೆ. ತೊಟ್ಟಿಲ ಪಕ್ಕ ಕೂತು ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. ಅವನಿಗೆ ಇರುವ ಒಡಹುಟ್ಟಿದವಳು ನಾನೊಬ್ಬಳೇ. ಕರೆಯದೆ ಎಲ್ಲಿಗೆ ಹೋಗುತ್ತಾನೆ, ನೋಡೋಣ.

ಹೆಸರು ಯೋಚಿಸಿಟ್ಟಿದ್ದೇನೆ. ಯಾರಿಗೂ ಹೇಳಿಲ್ಲ. ಇಂಚರ.

ಜುಲೈ 21, ಶುಕ್ರವಾರ

ಕಂಪನಿಯಲ್ಲಿ ನಾವಿರುವುದು ಏಳು ಜನ, ಕೆಲಸ ಎಪ್ಪತ್ತು ಜನರದು. ಊರಿನ ಇಪ್ಪತ್ತನಾಲ್ಕು ನೀರಿನ ಟ್ಯಾಂಕುಗಳಿಗೆ ಒಂದೊಂದು ಪೆಟ್ಟಿಗೆ ಕೂರಿಸಬೇಕು. ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು ಅದು ಅಳೆದು ಗಂಟೆಗೊಮ್ಮೆ ಫೋನ್ ಲೈನಿನಲ್ಲಿ ನೀರಿನ ಕಚೇರಿಯ ಕಂಪ್ಯೂಟರಿಗೆ ತಿಳಿಸುತ್ತದೆ. ಒಳಗೆ ಅಂಗೈಯಗಲದ ಬೋರ್ಡು, ಬೆಂಕಿಪೊಟ್ಟಣದಷ್ಟು ಮೆಮೊರಿ ಕಾರ್ಡು, ಕಾರ್ಡಿನಲ್ಲಿ ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶ. ಲಿನಕ್ಸ್ ಭಾಗ ನನ್ನದು.

ಮೊದಲ ಸಲ ಕರೆಂಟು ಕೊಟ್ಟಾಗ ಪೆಟ್ಟಿಗೆಗೆ ತಾನು ಯಾರು, ಇವತ್ತು ಯಾವ ದಿನ, ಒಂದೂ ಗೊತ್ತಿರುವುದಿಲ್ಲ. 1970ರ ಜನವರಿ ಒಂದು ಎಂದುಕೊಂಡು ಕಣ್ಣು ಬಿಡುತ್ತದೆ. ಆಗ ನಾನು ಬರೆದ ಸ್ಕ್ರಿಪ್ಟು ಒಂದೊಂದಾಗಿ ಕೇಳುತ್ತದೆ: ಹೆಸರೇನು, ತಾರೀಖು ಎಷ್ಟು, ಗಂಟೆ ಎಷ್ಟು, ಪಾಸ್‌ವರ್ಡ್ ಏನು. ಉತ್ತರವೆಲ್ಲ ಸಿಕ್ಕ ಮೇಲೆ ಕೇಳಿದ್ದಾಯಿತು ಎಂಬುದಕ್ಕೆ ಒಂದು ಗುರುತಿನ ಫೈಲು ಬರೆದಿಟ್ಟುಕೊಳ್ಳುತ್ತದೆ. ಆ ಫೈಲು ಇರುವ ತನಕ ಮತ್ತೆ ಕೇಳುವುದಿಲ್ಲ. ಅದಕ್ಕೇ ಮೂಲ ಕಾರ್ಡನ್ನು ಒಮ್ಮೆಯೂ ಬೋರ್ಡಿಗೆ ಹಾಕಿ ಚಾಲೂ ಮಾಡಬಾರದು. ಮಾಡಿದರೆ ಅದರ ನಕಲುಗಳೆಲ್ಲ ಒಂದೇ ಹೆಸರು ಹೊತ್ತು ಹುಟ್ಟುತ್ತವೆ. ಈ ನಿಯಮವನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ, ಮೂಲ ಕಾರ್ಡಿಗೆ ಕೆಂಪು ಚೀಟಿಯನ್ನೂ ಹಚ್ಚಿದ್ದೇನೆ.

ಅಂಟಿಸಿದ್ದು ಚೆಲುವರಾಜುಗಾಗಿ. ಬೆಸುಗೆ, ವೈರಿಂಗ್, ಕಾರ್ಡಿನ ನಕಲು ಎಲ್ಲ ಅವನದೇ. ನಲವತ್ತು ದಾಟಿದೆ, ಕೈ ಚುರುಕು, ಮಾತು ಕಡಿಮೆ. ಮಧ್ಯಾಹ್ನ ನಾವೆಲ್ಲ ಮೇಜಿನ ಸುತ್ತ ಕೂತರೆ ಅವನು ಡಬ್ಬಿ ಹಿಡಿದು ಹೊರಗೆ ಮೆಟ್ಟಿಲಿಗೆ ಹೋಗುತ್ತಾನೆ. ಅವನ ಡಬ್ಬಿಯಲ್ಲಿ ಕೆಲವು ದಿನ ಮೀನಿರುತ್ತದೆ. ಹೋಗು ಎಂದು ನಾನೇನೂ ಹೇಳಿಲ್ಲ. ಒಂದು ದಿನ ಮೂಗಿಗೆ ದುಪಟ್ಟ ಅಡ್ಡ ಹಿಡಿದಿದ್ದೆ, ಅಷ್ಟೆ. ಅವನಿಷ್ಟ.

ಜುಲೈ 30, ಭಾನುವಾರ

ಕೂಸು ಈಗ ಮುಖ ನೋಡಿದರೆ ನಗುತ್ತದಂತೆ. ಹಣೆ ಥೇಟ್ ಕಿರಣನದೇ ಅಂತೆ. ನಾನು ಟಿ.ವಿ. ಕಡೆ ಮುಖ ಮಾಡಿಕೊಂಡು ಹ್ಞೂಂ ಎಂದೆ.

ಅಮ್ಮ ಬಿಚ್ಚಿಟ್ಟ ಸೀರೆ ಮಡಿಸಲು ಹೋದರೆ ಹೆಗಲ ಹತ್ತಿರ ಹಾಲು ಕಕ್ಕಿದ ಕಲೆ. ಹುಳಿ ವಾಸನೆ, ಜೊತೆಗೆ ಹರಳೆಣ್ಣೆ. ಅದನ್ನು ಒಗೆಯಲು ಹಾಕಲಿಲ್ಲ. ನನ್ನ ಕೋಣೆಯ ಗೂಟಕ್ಕೆ ನೇತುಹಾಕಿದ್ದೇನೆ.

ಅಪ್ಪ ಹೋದ ವರ್ಷ ಕಿರಣನಿಗೆ ಆರು. ಅಮ್ಮ ಬೆಳಿಗ್ಗೆ ಎಂಟಕ್ಕೇ ಬಾಲವಾಡಿಯ ಕೆಲಸಕ್ಕೆ ಹೋಗಬೇಕಿತ್ತು, ಇವನನ್ನು ಸ್ಕೂಲಿಗೆ ಬಿಡುತ್ತಿದ್ದವಳು ನಾನು. ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ನನ್ನ ಜಡೆಯನ್ನು ಲಗಾಮಿನ ಹಾಗೆ ಹಿಡಿದುಕೊಳ್ಳುತ್ತಿದ್ದ. ಎಡಕ್ಕೆ ಎಳೆದರೆ ಎಡಕ್ಕೆ, ಬಲಕ್ಕೆ ಎಳೆದರೆ ಬಲಕ್ಕೆ. ಬೈಯುತ್ತಿದ್ದೆ, ತಿರುಗುತ್ತಲೂ ಇದ್ದೆ. ಆ ಎಳೆತ ಈಗಲೂ ಒಮ್ಮೊಮ್ಮೆ ತಲೆಯ ಹಿಂದೆ ಗೊತ್ತಾಗುತ್ತದೆ. ತಮ್ಮ ಬೇಕು ನನಗೆ. ಬೇಕು ಎಂದು ಹೇಳಲು ಬಾಯಿ ಬರುವುದಿಲ್ಲ, ಅಷ್ಟೆ.

ಜುಲೈ 31, ಸೋಮವಾರ

ಮಧ್ಯಾಹ್ನ ಅಮ್ಮ ಆಫೀಸಿಗೆ ಫೋನ್ ಮಾಡಿದಳು. ಕಿರಣ ಈಗಷ್ಟೇ ತಿಳಿಸಿದನಂತೆ. ನಾಮಕರಣ ಈ ಶುಕ್ರವಾರ. ಹೆಸರಿಡುವವಳು ನಂಜನಗೂಡಿನ ನಮ್ಮ ಚಿಕ್ಕಪ್ಪನ ಮಗಳು ಧನುಶ್ರೀ. ಇನ್ನೂ ಹತ್ತೊಂಬತ್ತು ವರ್ಷದ ಹುಡುಗಿ. ವರಸೆಯಲ್ಲಿ ಅವಳೂ ಸೋದರತ್ತೆಯೇ ಅಲ್ಲವಾ ಎಂದಳು ಅಮ್ಮ. ಹೌದಲ್ಲ, ಖಂಡಿತ ಎಂದು ಫೋನಿಟ್ಟೆ.

ಬಂದು ಕೂತೆ. ಮೇಜಿನ ಮೇಲಿದ್ದ ಕಾರ್ಡನ್ನು ಬೋರ್ಡಿಗೆ ಸಿಕ್ಕಿಸಿ ಕರೆಂಟು ಕೊಟ್ಟೆ. ಪರದೆ ಕೇಳಿತು, ಹೆಸರೇನು? ಆ ಪ್ರಶ್ನೆ ಬರೆದವಳು ನಾನೇ. ಆದರೂ ಇವತ್ತು ಯಾರೋ ನನ್ನನ್ನೇ ಕೇಳಿದ ಹಾಗಾಯಿತು. ಇಂಚರ ಎಂದು ಒತ್ತಿದೆ. ಒಮ್ಮೆಯಾದರೂ ಎಲ್ಲಾದರೂ ಕಾಣಲಿ ಎಂದು. ಉಳಿದದ್ದಕ್ಕೂ ಉತ್ತರ ಕೊಟ್ಟೆ. ಇಂಗ್ಲಿಷ್ ಅಕ್ಷರದಲ್ಲಿ ಇಂಚರ ಎಂದು ಬಂದು ಪಕ್ಕದಲ್ಲೊಂದು ಗೆರೆ ಮಿಣುಕುತ್ತ ಕಾಯುತ್ತಿತ್ತು. ಒಂದಷ್ಟು ಹೊತ್ತು ನೋಡಿ ಆರಿಸಿ ಕಾರ್ಡನ್ನು ಡಬ್ಬಿಗೆ ಹಾಕಿದೆ.

ಆಗಸ್ಟ್ 4, ಶುಕ್ರವಾರ

ಇವತ್ತು.

ಅಮ್ಮ ರೇಷ್ಮೆ ಸೀರೆ ಉಟ್ಟು ಬೆಳಿಗ್ಗೆಯೇ ಹೋದಳು. ನಾನು ಆಫೀಸಿಗೆ ಹೋದೆ. ಹನ್ನೊಂದು ಗಂಟೆಗೆ, ಅದೇ ಮುಹೂರ್ತದ ಹೊತ್ತಿಗೆ, ಟ್ಯಾಂಕಿನ ಹತ್ತಿರದಿಂದ ಚೆಲುವರಾಜು ಫೋನ್ ಮಾಡಿದ. "ಮೇಡಂ, ಇದು ಏನೂ ಕೇಳ್ತಾನೇ ಇಲ್ಲ. ಹೆಸರೂ ಕೇಳ್ಲಿಲ್ಲ." ಕೇಳದಿದ್ದರೆ ಒಳ್ಳೆಯದೇ ಆಯಿತು, ಕೂರಿಸಿ ಮುಂದಕ್ಕೆ ಹೋಗಿ ಎಂದು ರೇಗಿ ಇಟ್ಟುಬಿಟ್ಟೆ.

ಸಂಜೆ ಅಮ್ಮನನ್ನು ಕೇಳಬಾರದು ಎಂದುಕೊಂಡಿದ್ದೆ, ಕೇಳಿದೆ. ಏನು ಹೆಸರಿಟ್ಟರು? ಅಮ್ಮ ಬಳೆ ತೆಗೆಯುತ್ತಾ ಆ ಕಡೆ ತಿರುಗಿಕೊಂಡಳು. "ನನ್ನ ಬಾಯಲ್ಲಿ ಅದನ್ನ ಹೇಳಕ್ಕಾಗಲ್ಲ ಕಣೆ. ನೀನೇ ಹೋಗಿ ಕೇಳು."

ಎಲ್ಲರೂ ಸೇರಿ ನನಗೆ ಪಾಠ ಕಲಿಸುತ್ತಿದ್ದಾರೆ. ನನ್ನ ಸೋದರಸೊಸೆಯ ಹೆಸರು ನನಗೇ ಗೊತ್ತಿಲ್ಲ.

ಆಗಸ್ಟ್ 10, ಗುರುವಾರ

ಇಪ್ಪತ್ತನಾಲ್ಕೂ ಪೆಟ್ಟಿಗೆ ಕೂತವು. ನೀರಿನ ಕಚೇರಿಯ ಕಂಪ್ಯೂಟರಿಗೆ ನಮ್ಮ ಯಜಮಾನರು ಏಕಾಂತಯ್ಯನವರು ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಪರದೆ ಚಾಲೂ ಮಾಡಿದರು. ಇಪ್ಪತ್ತನಾಲ್ಕು ಟ್ಯಾಂಕುಗಳ ಸಾಲು ಬರಬೇಕಿತ್ತು. ಬಂದದ್ದು ಒಂದೇ ಸಾಲು. ಅದರ ನೀರು ಒಮ್ಮೆ ತುಂಬಿದೆ ಎನ್ನುತ್ತಿತ್ತು, ಎರಡು ನಿಮಿಷಕ್ಕೆ ಖಾಲಿ, ಮತ್ತೆ ಅರ್ಧ. ಹೆಸರಿನ ಜಾಗದಲ್ಲಿ ಇಂಚರ.

"ಯಾರಮ್ಮ ಈ ಇಂಚರ?" ಎಂದರು ಏಕಾಂತಯ್ಯನವರು.

ಅದು ನಾನು ಟೆಸ್ಟಿಗೆ ಇಟ್ಟ ಹೆಸರು ಸಾರ್, ಮೂಲ ಕಾರ್ಡು ಬಿಟ್ಟು ಟೆಸ್ಟ್ ಕಾರ್ಡನ್ನು ಚೆಲುವರಾಜು ನಕಲು ಮಾಡಿಬಿಟ್ಟಿದ್ದಾನೆ ಎಂದೆ. ಹಾಗೇ ಆಗಿರಬೇಕು. ಚೆಲುವರಾಜು ಅಲ್ಲೇ ನಿಂತಿದ್ದ. ಪರದೆ ಸರಿಹೋಗುವ ತನಕ ನೀರಿನವರು ಅದನ್ನೇ ನೋಡಿಕೊಂಡು ಅಂದಾಜಿನ ಮೇಲೆ ನೀರು ಬಿಡುತ್ತಾರಂತೆ.

ಆಗಸ್ಟ್ 11, ಶುಕ್ರವಾರ

ಎಲ್ಲರೂ ಊಟಕ್ಕೆ ಹೋದಾಗ ಕೆಂಪು ಚೀಟಿಯ ಕಾರ್ಡು ತೆಗೆದು ನೋಡಿದೆ. ಗುರುತಿನ ಫೈಲು ಅದರಲ್ಲೇ ಇದೆ. ಜುಲೈ 31, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಆ ತಾರೀಖು ಒತ್ತಿದವಳೂ ನಾನೇ.

ಯಾರಿಗೂ ಹೇಳಲಿಲ್ಲ.

ಆಗಸ್ಟ್ 13, ಭಾನುವಾರ

ಅಮ್ಮ ಹೋದಷ್ಟೇ ಬೇಗ ವಾಪಸ್ ಬಂದಳು. ಕಿರಣನ ಬೀದಿಯಲ್ಲಿ ಎರಡು ದಿನದಿಂದ ನೀರಿಲ್ಲವಂತೆ. ಟ್ಯಾಂಕು ತುಂಬಿದೆ ಎಂದು ಕಂಪ್ಯೂಟರ್ ಹೇಳುತ್ತಿದೆ, ನಾವೇನು ಮಾಡುವುದು ಎಂದರಂತೆ ವಾಲ್ವ್ ತಿರುಗಿಸುವವರು. ಕೂಸಿಗೆ ನೀರೆರೆಯಲೂ ನೀರಿಲ್ಲದೆ ಕಿರಣ ಸರಸ್ವತಿಪುರಂನಿಂದ ಸ್ಕೂಟರಿನ ಮೇಲೆ ಬಿಂದಿಗೆ ಇಟ್ಟುಕೊಂಡು ತಂದನಂತೆ.

"ಅದ್ಯಾವ ಪುಣ್ಯಾತ್ಮರು ಆ ಪೆಟ್ಟಿಗೆ ಕೂರಿಸಿದ್ರೋ" ಎಂದಳು ಅಮ್ಮ.



ಆಗಸ್ಟ್ 14, ಸೋಮವಾರ

ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಏಕಾಂತಯ್ಯನವರು ಚೆಲುವರಾಜುಗೆ ಈ ತಿಂಗಳು ಮುಗಿದ ಮೇಲೆ ಬೇರೆ ಕಡೆ ನೋಡಿಕೊಳ್ಳಲು ಹೇಳಿಯಾಗಿತ್ತು. ಚೆಲುವರಾಜು ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕುತ್ತಿದ್ದರು. ನಾನು ನೇರ ಯಜಮಾನರ ಕೋಣೆಗೆ ಹೋದೆ. ಕೂರಲಿಲ್ಲ.

"ತಪ್ಪು ಅವರದಲ್ಲ ಸಾರ್, ನನ್ನದು. ಮೂಲ ಕಾರ್ಡನ್ನ ನಾನೇ ಚಾಲೂ ಮಾಡಿಬಿಟ್ಟೆ. ಅವರು ಫೋನ್ ಮಾಡಿ ಎಚ್ಚರಿಸಿದ್ರು, ನಾನೇ ಕೇಳಿಸಿಕೊಳ್ಳಲಿಲ್ಲ."

ಏಕಾಂತಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದರು, ಚೆನ್ನಾಗಿಯೇ ಬೈದರು. ನಾಲ್ಕು ದಿನ ಇನ್ನೊಬ್ಬನ ತಲೆಗೆ ಕಟ್ಟಿ ಹೇಗೆ ನಿದ್ದೆ ಮಾಡಿದೆಯಮ್ಮ ಎಂದು ಕೇಳಿದರು. ಹನ್ನೆರಡು ದಿನದೊಳಗೆ ಇಪ್ಪತ್ತನಾಲ್ಕನ್ನೂ ಸರಿಮಾಡಿ ಕೊಡು, ಆಮೇಲೆ ನೋಡೋಣ ಎಂದರು. ಚೆಲುವರಾಜು ಎಲ್ಲಿಗೂ ಹೋಗುವುದಿಲ್ಲ ಎಂದೂ ಹೇಳಿದರು.

ಹೊರಗೆ ಬಂದು ಚೆಲುವರಾಜು ಮುಂದೆ ನಿಂತೆ. "ನಂಗೆ ಅವತ್ತೇ ಗೊತ್ತಿತ್ತು ಮೇಡಂ" ಎಂದರು. "ಕೆಂಪು ಚೀಟಿ ಇರೋ ಕಾರ್ಡೇ ನಾನು ತಗಂಡಿದ್ದು." ಮತ್ತೆ ಯಾಕೆ ಹೇಳಲಿಲ್ಲ ಎಂದೆ. "ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ."

ಮನೆಗೆ ಬಂದು ಗೂಟದ ಮೇಲಿನ ಸೀರೆ ನೋಡುತ್ತ ಕೂತಿದ್ದೇನೆ. ವಾಸನೆ ಎಂದೋ ಹೋಗಿದೆ. ಆ ಮಾತನ್ನು ಬರೆದೇಬಿಡುತ್ತೇನೆ. ಅವತ್ತು ಶಾಲಿನಿ ಒಳಗೆ ಬಂದು ಅಮ್ಮನ ಜೊತೆ ಅಡುಗೆಗೆ ಕೈ ಹಾಕಿ ತಾನೇ ಬಡಿಸಿದಳು. ನಾನು ತಟ್ಟೆ ಸರಿಸಿ ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ, ಮಾಂಸ ಮುಟ್ಟುವ ಕೈ, ಆ ಕೈಯ ಅನ್ನ ನನ್ನ ಗಂಟಲಲ್ಲಿ ಇಳಿಯಲ್ಲ ಎಂದು. ತಿರುಗಿದರೆ ಅವಳು ಬಾಗಿಲಲ್ಲಿ ಮಜ್ಜಿಗೆಯ ಪಾತ್ರೆ ಹಿಡಿದು ನಿಂತಿದ್ದಳು. ಪಾತ್ರೆಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ಕೈ ತೊಳೆದುಕೊಂಡಳು. ಅಷ್ಟೇ ಮಾಡಿದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನಗೆ ಹೇಳಿಕೊಟ್ಟವಳು ಅಮ್ಮ. ಕಿರಣನಿಗೆ ಹೇಳಿಕೊಟ್ಟವಳು ನಾನು.

ಆಗಸ್ಟ್ 17, ಗುರುವಾರ

ಕೆಲಸ ಶುರುವಾಯಿತು. ಪೆಟ್ಟಿಗೆಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಗುರುತಿನ ಫೈಲು ಅಳಿಸಿ, ಆರಿಸಿ ಮತ್ತೆ ಹಚ್ಚಬೇಕು. ಆಗ ಅದು ಈಗ ತಾನೇ ಹುಟ್ಟಿದೆ ಎಂದುಕೊಂಡು ಮತ್ತೆ ಮೊದಲಿನಿಂದ ಕೇಳುತ್ತದೆ. ಹೇಳಿದರೆ ಸುಲಭ. ಆದರೆ ಪ್ರತಿ ಟ್ಯಾಂಕಿನ ಬುಡದಲ್ಲೂ ಪರದೆ ತೆರೆದ ಕೂಡಲೇ ಇಂಚರ ಎಂದು ಬರುತ್ತದೆ. ನಾನು ಅದನ್ನು ಅಳಿಸಿ ಒಂಟಿಕೊಪ್ಪಲು ಎಂದೋ ಇನ್ನೊಂದು ಬಡಾವಣೆ ಎಂದೋ ಬರೆಯಬೇಕು. ಬೆಳಿಗ್ಗೆಯಿಂದ ನಾಲ್ಕು ಅಳಿಸಿದೆ.

ನನ್ನ ಡಬ್ಬಿ ಆಫೀಸಿನಲ್ಲೇ ಉಳಿದಿತ್ತು. ಚೆಲುವರಾಜು ತಮ್ಮ ಡಬ್ಬಿಯ ಮುಚ್ಚಳಕ್ಕೆ ಮುದ್ದೆ ಮುರಿದು ಹಾಕಿ ಬಸ್ಸಾರು ಹುಯ್ದು ಕೊಟ್ಟರು. ಶ್ರಾವಣ, ಮನೇಲಿ ಬೇರೇನೂ ಮಾಡಲ್ಲ ಬುಡಿ ಮೇಡಂ, ಧೈರ್ಯವಾಗಿ ತಿನ್ನಿ ಎಂದರು. ಹಸಿವಾಗಿತ್ತು. ಹುರುಳಿಕಾಳಿನ ಬಸ್ಸಾರು, ಉಪ್ಪು ಒಂದು ಕಲ್ಲು ಹೆಚ್ಚು.

ಇಂಚರ ಅಂದರೆ ಯಾರು ಎಂದು ಕೇಳಿದರು. ಹೇಳಿದೆ, ಮುಚ್ಚಿಡದೆ ಎಲ್ಲವನ್ನೂ. ಅವರು ಕೈ ತೊಳೆದುಕೊಂಡು ಬಂದು, ಮಿಕ್ಕಿದ್ದನ್ನ ನಾನು ಅಳಿಸ್ಲಾ ಮೇಡಂ ಎಂದರು. ಬೇಡ, ನಾನೇ ಅಳಿಸುತ್ತೇನೆ ಎಂದೆ.

ಆಗಸ್ಟ್ 21, ಸೋಮವಾರ

ಹದಿನೈದು. ಬಿಸಿಲಿಗೆ ತಲೆನೋವು.

ಒಂದು ಟ್ಯಾಂಕಿನ ಪಕ್ಕದ ಮನೆಯಲ್ಲಿ ಯಾರೋ ಮಗುವಿಗೆ ನೀರೆರೆಯುತ್ತಿದ್ದರು. ಅದು ಅಳು ನಿಲ್ಲಿಸುವ ತನಕ ನಿಂತಿದ್ದೆ.

ಆಗಸ್ಟ್ 24, ಗುರುವಾರ

ಇಪ್ಪತ್ತಮೂರು ಮುಗಿಯಿತು. ಉಳಿದಿರುವುದು ಕುವೆಂಪುನಗರದ್ದು, ಕಿರಣನ ಮನೆಯಿಂದ ಎರಡು ಬೀದಿ ಆಚೆ. ಕಡೆಗೆ ಇಟ್ಟುಕೊಂಡದ್ದು ಬೇಕೆಂದೇ ಅಲ್ಲ, ದಾರಿ ಹಾಗಿತ್ತು.

ನಿನ್ನೆಗೆ ಶ್ರಾವಣ ಮುಗಿಯಿತು. ಊಟದ ಹೊತ್ತಿಗೆ ಚೆಲುವರಾಜು ಡಬ್ಬಿ ಎತ್ತಿಕೊಂಡು ಟ್ಯಾಂಕಿನ ಆ ಬದಿಗೆ ಹೊರಟರು. ಬಿಸಿಲಿಗೆ ಯಾಕೆ ಹೋಗುತ್ತೀರಿ, ಇಲ್ಲೇ ನೆರಳಿದೆಯಲ್ಲ ಎಂದೆ. ಇಬ್ಬರೂ ಅಲ್ಲೇ ತಿಂದೆವು. ನಾಳೆ ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿಸಿಕೊಂಡು ಹೋಗಬೇಕು, ಮರೆಯಬಾರದು.

ಆಗಸ್ಟ್ 25, ಶುಕ್ರವಾರ

ಹನ್ನೆರಡು ಗಂಟೆಗೆ ಕೊನೆಯ ಇಂಚರವನ್ನು ಅಳಿಸಿದೆ. ಬೆರಳು ಸ್ವಲ್ಪ ಹೊತ್ತು ಗುಂಡಿಯ ಮೇಲೇ ಇತ್ತು. ಪೆಟ್ಟಿಗೆ ಕಣ್ಣು ಬಿಟ್ಟು ಹೆಸರೇನು ಎಂದು ಕೇಳಿತು. ಕುವೆಂಪುನಗರ ಎಂದು ಬರೆದೆ. ನೀರಿನ ಕಚೇರಿಗೆ ಫೋನ್ ಮಾಡಿದರೆ ಪರದೆಯಲ್ಲಿ ಇಪ್ಪತ್ತನಾಲ್ಕು ಸಾಲು ಬಂದಿವೆ ಎಂದರು.

ಚೆಲುವರಾಜು ವೈರು ಸುತ್ತುತ್ತ, "ನಾನು ಇಲ್ಲೇ ಇರ್ತೀನಿ ಮೇಡಂ, ಹೋಗ್ಬನ್ನಿ" ಎಂದರು. ಎಲ್ಲಿಗೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಿರಣನ ಮನೆ ಮೆಟ್ಟಿಲು ಹತ್ತಲಿಲ್ಲ. ಕೆಳಗೆ ನಿಂತೇ ಗೇಟು ಸದ್ದು ಮಾಡಿದೆ. ಬಾಗಿಲು ತೆಗೆದವಳು ಶಾಲಿನಿ. ಹೆಗಲ ಮೇಲೆ ಮಗು ಮಲಗಿತ್ತು, ಮುಖ ಆ ಕಡೆಗೆ. ನನಗೆ ಕಂಡದ್ದು ಹಿಂದಲೆ, ಕರಿ ದಾರ ಕಟ್ಟಿದ ಒಂದು ಪಾದ. ಕಿರಣ ಟ್ಯುಟೋರಿಯಲ್‌ನಲ್ಲಿ ಪಾಠ ಮುಗಿಸಿ ಬರುವ ಹೊತ್ತು, ಇನ್ನೂ ಬಂದಿರಲಿಲ್ಲ. ಬರುವ ಮೊದಲೇ ಹೇಳಿಬಿಡಬೇಕು ಎಂದುಕೊಂಡೆ. ಮಾತು ಆಡಿದ್ದು ಅವನ ಬಗ್ಗೆ ಅಲ್ಲವಲ್ಲ.

"ಅವತ್ತು ಆಡಿದ ಮಾತನ್ನ ವಾಪಸ್ ತಗೋತೀನಿ ಶಾಲಿನಿ. ಆಡಬಾರದಾಗಿತ್ತು. ಹೊಟ್ಟೆಗೆ ಹಾಕ್ಕೋ."

ಪರವಾಗಿಲ್ಲ ಎನ್ನಲಿಲ್ಲ ಅವಳು. "ಎರಡು ವರ್ಷ ಆಯ್ತು ಅಕ್ಕ. ಒಂದಿನಾನೂ ಮರ್ತಿಲ್ಲ ನಾನು" ಎಂದಳು. ಆಮೇಲೆ ಬಾಗಿಲಿಂದ ಪಕ್ಕಕ್ಕೆ ಸರಿದು ನಿಂತಳು. ಹತ್ತಿದೆ. ಮೂರೇ ಮೆಟ್ಟಿಲು.

ಮಗುವಿನ ಹೆಸರೇನು ಎಂದು ಕೇಳಿದೆ. ಮಗುವನ್ನು ತೊಟ್ಟಿಲಿಗೆ ಹಾಕಿ ನನ್ನ ಕಡೆ ತಿರುಗಿದಳು. "ಮೊದ್ಲು ಊಟ ಮಾಡಿ. ಹೆಸರು ಆಮೇಲೆ ಹೇಳ್ತೀನಿ."

ಕೂತೆ. ಅನ್ನ, ಸೊಪ್ಪಿನ ಸಾರು, ಮಜ್ಜಿಗೆ. ಬಡಿಸಿ ಎದುರಿಗೇ ನಿಂತಳು, ಅತ್ತಿತ್ತ ಹೋಗಲಿಲ್ಲ. ಮೊದಲ ತುತ್ತು ಬಾಯಿಗಿಟ್ಟುಕೊಂಡಾಗ ಅಳು ಬಂತು, ಅನ್ನದ ಜೊತೆ ಅದನ್ನೂ ನುಂಗಿದೆ. ಎರಡನೇ ಸಲ ನಾನೇ ಕೇಳಿ ಬಡಿಸಿಕೊಂಡೆ. ಅವಳು ಆಗ ಕೂತಳು. ತಟ್ಟೆ ಖಾಲಿಯಾದ ಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಬಗ್ಗಿ, ನನ್ನ ಕಿವಿಯಲ್ಲಿ ಹೆಸರು ಹೇಳಿದಳು.

ಗಿರಿಜಾ.

ಅಮ್ಮನ ಹೆಸರು. ಆರಿಸಿದ್ದು ಶಾಲಿನಿಯೇ ಅಂತೆ. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಕೂಗುವ ಹಾಗಿಲ್ಲ. ಕಿರಣನಿಗೂ ಹೆತ್ತವಳ ಹೆಸರು ಹಿಡಿದು ಕೂಗಲು ನಾಲಿಗೆ ತಿರುಗುವುದಿಲ್ಲವಂತೆ. ತನ್ನ ಹೆಸರನ್ನು ಅಮ್ಮ ತಾನೇ ಹೇಗೆ ಹೇಳಿಯಾಳು? ಧನುಶ್ರೀ ಕಿವಿಯಲ್ಲಿ ಹೇಳಿ ಊರಿಗೆ ಹೋದ ಮೇಲೆ ಆ ಮನೆಯಲ್ಲಿ ಎಲ್ಲರಿಗೂ ಅವಳು ಬರೀ ಕೂಸು. ಮೂವತ್ತನಾಲ್ಕು ವರ್ಷದಿಂದ ಮಗಳಾಗಿದ್ದೇನೆ, ನನಗೆ ಆ ಹೆಸರು ಹೊಳೆಯಲೇ ಇಲ್ಲ.

"ಯಾರಾದ್ರೂ ಒಬ್ರು ಕೂಗ್ಬೇಕಲ್ಲ ಅಕ್ಕ" ಎಂದಳು ಶಾಲಿನಿ. "ಇಲ್ದಿದ್ರೆ ಅದಕ್ಕೆ ತನ್ನ ಹೆಸರು ಗೊತ್ತಾಗೋದಾದ್ರೂ ಎಂಗೆ?"

ತೊಟ್ಟಿಲಲ್ಲಿ ಸದ್ದಾಯಿತು. ಎದ್ದಿದ್ದಳು. ಕೈ ತೊಳೆದುಕೊಂಡು ಹೋಗಿ ಬಗ್ಗಿದೆ. ಹಣೆ ಹೌದು, ಕಿರಣನದೇ. ಜಡೆ ಮುಂದಕ್ಕೆ ಜಾರಿ ಬಿದ್ದದ್ದೇ ತಡ, ಅದರ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. ಅಮ್ಮನ ಹೆಸರು ಕೂಗಿ ನನಗೂ ಅಭ್ಯಾಸವಿಲ್ಲ. ಮೊದಲ ಸಲ ಸರಿಯಾಗಿ ಬರಲಿಲ್ಲ. ಎರಡನೇ ಸಲ ಕೂಗಿದಾಗ ನನ್ನ ಮುಖ ನೋಡಿದಳು. ಮೂರನೇ ಸಲ ಜೋರಾಗಿಯೇ ಕೂಗಿದೆ. ಹೊರಗೆ ಸ್ಕೂಟರು ಬಂದು ನಿಂತ ಸದ್ದು ಕೇಳಿಸಿತು. ಕಿರಣ ಬಾಗಿಲಿಗೆ ಬಂದು, ಅಲ್ಲೇ ನಿಂತು, ಇನ್ನೊಂದು ಸಲ ಕೂಗು ಎಂದ.